ಜೀನ್ ಸುಮ್ಮನಾಯಿತೋ, ಕೋಶವೇ ಹೋಯಿತೋ? ಕಿಡ್ನಿ ಕೋಶಗಳನ್ನು ಓದಲು ಯಾವ ವಿಧಾನ ಆರಿಸಬೇಕು

ಕಳೆದ ತಿಂಗಳು ಚಳ್ಳಕೆರೆ ಕಡೆಯ ಒಬ್ಬ ಎಂಎಸ್ಸಿ ಹುಡುಗಿ ಬಂದಿದ್ದಳು. "ಮೇಡಂ, ಕಿಡ್ನಿ ಮೇಲೆ ಪ್ರಾಜೆಕ್ಟ್ ಮಾಡ್ಬೇಕಂತ ಐತ್ರಿ. ಸಿಂಗಲ್ ಸೆಲ್ ಮಾಡ್ಲಾ, ಬಲ್ಕ್ ಮಾಡ್ಲಾ?" ಅಂತ ಕೇಳಿದಳು. ಅಂದರೆ, ಕೋಶಗಳನ್ನು ಒಂದೊಂದಾಗಿ ಓದಲಾ, ಎಲ್ಲವನ್ನೂ ಅರೆದು ಒಟ್ಟಿಗೆ ಓದಲಾ ಅಂತ. ಈ ವರ್ಷ ಇದೇ ಪ್ರಶ್ನೆಯನ್ನು ನಾಲ್ಕೈದು ಜನ ಕೇಳಿದ್ದಾರೆ. ಅದರಲ್ಲಿ ಇಬ್ಬರು ಎಂಡಿ ಓದುತ್ತಿರುವ ಡಾಕ್ಟರು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿದ್ದನ್ನು ಈಗ ಒಂದೇ ಕಡೆ ಬರೆಯುತ್ತಿದ್ದೇನೆ. ದಾವಣಗೆರೆ, ಚಿತ್ರದುರ್ಗದಲ್ಲಿ ಕೂತು, ಕೈಯಲ್ಲಿರುವ ದುಡ್ಡಲ್ಲಿ, ಇರುವ ಸಾಮಾನಲ್ಲಿ ಯಾವ ದಾರಿ ಹಿಡಿಯಬೇಕು ಅನ್ನುವವರಿಗೆ ಇದು.

ನನಗೆ ಇದು ಬರೀ ಪಾಠದ ವಿಷಯ ಅಲ್ಲ. ನನ್ನ ಸೋದರಮಾವ ಜಗಳೂರಿನಿಂದ ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ಡಯಾಲಿಸಿಸ್‌ಗೆ ಬರುತ್ತಿದ್ದರು. ಹದಿನೈದು ವರ್ಷದ ಸಕ್ಕರೆ ಕಾಯಿಲೆ. ವರ್ಷ ವರ್ಷ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹಾಕಬೇಕಾದ, ರಕ್ತದಲ್ಲಿ ಅಳೆಯುವ ಕಸ) ನಾರ್ಮಲ್ ಬರುತ್ತಿತ್ತು, ಹಾಗಾಗಿ ಮನೆಯಲ್ಲಿ ಯಾರೂ ಚಿಂತೆ ಮಾಡಲಿಲ್ಲ. ಆದರೆ ಕ್ರಿಯಾಟಿನಿನ್ ಏರುವ ಹೊತ್ತಿಗೆ ಕಿಡ್ನಿಯ ಅರ್ಧದಷ್ಟು ಶಕ್ತಿ ಹೋಗಿರಬಹುದು. ಕೋಶಗಳ ಒಳಗಿನ ಬದಲಾವಣೆ ಅದಕ್ಕಿಂತ ಎಷ್ಟೋ ಮೊದಲೇ ಶುರುವಾಗಿರುತ್ತದೆ. ಆ ಬದಲಾವಣೆಯನ್ನು ಓದುವ ಒಂದು ದಾರಿ ಆರ್‌ಎನ್‌ಎ. ಜೀನ್ ಕೆಲಸ ಮಾಡುವಾಗ ತನ್ನ ಆರ್‌ಎನ್‌ಎ ಪ್ರತಿಗಳನ್ನು ತೆಗೆಯುತ್ತದೆ. ಆ ಪ್ರತಿಗಳನ್ನು ಎಣಿಸಿದರೆ ಯಾವ ಜೀನ್ ಜೋರಾಗಿದೆ, ಯಾವುದು ಸುಮ್ಮನಿದೆ ಅಂತ ಗೊತ್ತಾಗುತ್ತದೆ. ಎಣಿಸುವುದು ಹೇಗೆ ಅನ್ನುವುದೇ ನಮ್ಮ ಪ್ರಶ್ನೆ.

ಮೊದಲು ಮೆಕ್ಕೆಜೋಳದ ಮಾತು

ನಮ್ಮ ಜಿಲ್ಲೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಗೋದಾಮಿನಲ್ಲಿ ನೂರು ಚೀಲ ಮೆಕ್ಕೆಜೋಳ ಇದೆ, ಒಂದೊಂದು ಚೀಲ ಒಂದೊಂದು ಕೋಶ ಅಂದುಕೊಳ್ಳಿ. ಎಲ್ಲಾ ಚೀಲ ಬಿಚ್ಚಿ ಒಂದೇ ರಾಶಿ ಮಾಡಿ ತೇವ ಅಳೆದರೆ ಒಂದು ಸರಾಸರಿ ಸಿಗುತ್ತದೆ. ಅದು ಬಲ್ಕ್ ಆರ್‌ಎನ್‌ಎ ಸೀಕ್ವೆನ್ಸಿಂಗ್ (ಆರ್‌ಎನ್‌ಎಯ ಅಕ್ಷರಗಳನ್ನು ಯಂತ್ರದಲ್ಲಿ ಓದಿಸುವುದು). ಒಂದೊಂದು ಚೀಲದ ತೇವ ಬೇರೆ ಬೇರೆ ಅಳೆದರೆ ಯಾವ ಹತ್ತು ಚೀಲಕ್ಕೆ ಬೂಸ್ಟು ಹಿಡಿಯುತ್ತಿದೆ ಅಂತ ಗೊತ್ತಾಗುತ್ತದೆ. ಅದು ಸಿಂಗಲ್ ಸೆಲ್. ಆ ಹತ್ತು ಚೀಲವೂ ಸೋರುವ ಮೂಲೆಯಲ್ಲೇ ಇದ್ದವು ಅಂತ ಗೊತ್ತಾಗಬೇಕಾದರೆ, ಚೀಲಗಳನ್ನು ಜಾಗದಿಂದ ಕದಲಿಸದೆ ಅಳೆಯಬೇಕು. ಅದು ಸ್ಪೇಷಿಯಲ್.

ಕಿಡ್ನಿಯಲ್ಲಿ ಈ ವ್ಯತ್ಯಾಸ ಯಾಕೆ ಅಷ್ಟು ಮುಖ್ಯ? ಅಲ್ಲಿ ಎಲ್ಲ ಚೀಲವೂ ಒಂದೇ ಬೆಳೆಯದ್ದಲ್ಲ. ಒಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ನೆಫ್ರಾನ್ ಇರುತ್ತವೆ. ಪ್ರತಿ ನೆಫ್ರಾನ್‌ನ ತುದಿಯಲ್ಲಿ ರಕ್ತ ಸೋಸುವ ಗ್ಲೊಮೆರುಲಸ್, ಆಮೇಲೆ ಉದ್ದಕ್ಕೂ ಟ್ಯೂಬುಲ್. ಗ್ಲೊಮೆರುಲಸ್‌ನ ಜರಡಿಯನ್ನು ಕಾಯುವ ಪೋಡೋಸೈಟ್ ಬೇರೆ. ಸಕ್ಕರೆ, ಉಪ್ಪು ವಾಪಸ್ ಎಳೆದುಕೊಳ್ಳುವ ಪ್ರಾಕ್ಸಿಮಲ್ ಟ್ಯೂಬುಲ್‌ನ ಕೋಶ ಬೇರೆ, ಕೊನೆಯಲ್ಲಿ ನೀರು ಹಿಡಿದಿಡುವ ಕಲೆಕ್ಟಿಂಗ್ ಡಕ್ಟ್‌ನ ಕೋಶ ಬೇರೆ. ರಕ್ತನಾಳದವು, ರೋಗನಿರೋಧಕ ಕೋಶಗಳು, ನಾರು ಕಟ್ಟುವ ಫೈಬ್ರೊಬ್ಲಾಸ್ಟ್‌ಗಳು ಇನ್ನೂ ಬೇರೆ. 2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಮಾನವ ಕಿಡ್ನಿಯ ಅಟ್ಲಾಸ್ 51 ಮುಖ್ಯ ಬಗೆಯ ಕೋಶಗಳನ್ನು ಗುರುತಿಸಿದೆ. ಇಷ್ಟನ್ನೂ ಅರೆದು ಒಂದೇ ಟ್ಯೂಬಿಗೆ ಹಾಕಿದರೆ ಕೇಳಿಸುವುದು ಹೆಚ್ಚಾಗಿ ಪ್ರಾಕ್ಸಿಮಲ್ ಟ್ಯೂಬುಲ್‌ನ ದನಿ ಮಾತ್ರ, ಯಾಕೆಂದರೆ ಸಂಖ್ಯೆಯಲ್ಲಿ ಅವೇ ಜಾಸ್ತಿ.

ಬಲ್ಕ್: ಅಗ್ಗ, ಗಟ್ಟಿ, ಆದರೆ ಒಂದು ದೊಡ್ಡ ಮೋಸ ಇದೆ

ಒಂದು ಉದಾಹರಣೆ ಹೇಳ್ತೀನಿ, ಇದನ್ನು ಮಾತ್ರ ಮರೆಯಬೇಡಿ. ಎನ್‌ಪಿಎಚ್‌ಎಸ್1 ಅಂತ ಒಂದು ಜೀನ್ ಇದೆ. ಅದು ನೆಫ್ರಿನ್ ಎಂಬ ಪ್ರೋಟೀನ್ ಮಾಡುತ್ತದೆ, ಕಿಡ್ನಿಯಲ್ಲಿ ಪೋಡೋಸೈಟ್‌ಗಳಲ್ಲಿ ಮಾತ್ರ. ಡಯಾಬಿಟಿಸ್ ಇರುವವರ ಕಿಡ್ನಿಯನ್ನು ಬಲ್ಕ್ ಮಾಡಿದಿರಿ, ಈ ಜೀನ್ ಅರ್ಧಕ್ಕೆ ಇಳಿದಿದೆ ಅಂತ ಬಂತು. ಏನು ಅರ್ಥ? ಪ್ರತಿ ಪೋಡೋಸೈಟ್ ನೆಫ್ರಿನ್ ಮಾಡುವುದನ್ನು ಕಡಿಮೆ ಮಾಡಿತೋ, ಅಥವಾ ಅರ್ಧ ಪೋಡೋಸೈಟ್‌ಗಳು ಸತ್ತು ಮೂತ್ರದಲ್ಲಿ ಹೋದವೋ? ಎರಡಕ್ಕೂ ಉತ್ತರ ಒಂದೇ ಥರ ಕಾಣುತ್ತದೆ. ಆದರೆ ಎರಡೂ ಬೇರೆ ಬೇರೆ ಕಾಯಿಲೆ ಅಂತಲೇ ಹೇಳಬಹುದು. ಸುಮ್ಮನಾದ ಜೀನನ್ನು ಔಷಧಿಯಿಂದ ಎಬ್ಬಿಸುವ ಆಸೆ ಇಟ್ಟುಕೊಳ್ಳಬಹುದು. ಪೋಡೋಸೈಟ್ ಹೋದರೆ ಆ ಜಾಗಕ್ಕೆ ಇನ್ನೊಂದು ಬರುವುದು ತೀರಾ ಕಷ್ಟ, ಯಾಕೆಂದರೆ ಬೆಳೆದ ಪೋಡೋಸೈಟ್ ಒಡೆದು ಎರಡಾಗುವುದಿಲ್ಲ.

ಇದೇ ತೊಂದರೆ ಉಲ್ಟಾ ದಿಕ್ಕಿನಲ್ಲೂ ಇದೆ. ಹಳೆಯ ಕಿಡ್ನಿ ಕಾಯಿಲೆಯಲ್ಲಿ ಟ್ಯೂಬುಲ್ ಸವೆದು, ನಾರು ಮತ್ತು ರೋಗನಿರೋಧಕ ಕೋಶಗಳು ತುಂಬಿಕೊಳ್ಳುತ್ತವೆ. ಬಲ್ಕ್‌ನಲ್ಲಿ ಕೊಲಾಜನ್ ಜೀನ್‌ಗಳು ಮೇಲೆ, ಟ್ಯೂಬುಲ್ ಜೀನ್‌ಗಳು ಕೆಳಗೆ ಅಂತ ಬರುತ್ತದೆ. ಇದನ್ನು "ಜೀನ್ ಚಟುವಟಿಕೆ ಬದಲಾಯಿತು" ಅಂತ ಬರೆದ ಎಷ್ಟೋ ಥೀಸಿಸ್ ನೋಡಿದ್ದೇನೆ. ಬದಲಾಗಿದ್ದು ಕೋಶಗಳ ಜನಸಂಖ್ಯೆ ಇರಬಹುದು, ಅಲ್ವಾ?

ಹಾಗಂತ ಬಲ್ಕ್ ಬಿಡಿ ಅಂತ ನಾನು ಹೇಳುವುದಿಲ್ಲ. ಒಂದೇ ಬಗೆಯ ಕೋಶ ಇರುವ ಡಿಶ್‌ಗೆ ಔಷಧಿ ಹಾಕಿ ಮುಂಚೆ, ಆಮೇಲೆ ನೋಡುವುದಾದರೆ ಬಲ್ಕೇ ಒಳ್ಳೆಯದು. ಒಂದು ಸ್ಯಾಂಪಲ್‌ಗೆ 2ರಿಂದ 3 ಕೋಟಿ ರೀಡ್ (ಯಂತ್ರ ಓದುವ ಒಂದೊಂದು ತುಣುಕು) ಓದಿಸಿದರೆ ಮೆಲ್ಲಗೆ ಕೆಲಸ ಮಾಡುವ ಜೀನ್‌ಗಳೂ ಸಿಗುತ್ತವೆ. ಸಿಂಗಲ್ ಸೆಲ್‌ನಲ್ಲಿ ಅಂಥವು ಎಷ್ಟೋ ಸಲ ಸೊನ್ನೆ ಅಂತ ಬಂದುಬಿಡುತ್ತವೆ. ಖರ್ಚು ಕಡಿಮೆ, ಅದರಿಂದ ಜಾಸ್ತಿ ಜನರ ಸ್ಯಾಂಪಲ್ ಸೇರಿಸಬಹುದು. ಬಯಾಪ್ಸಿಯಿಂದ, ಅಂದರೆ ಸೂಜಿಯಲ್ಲಿ ತೆಗೆದ ಕಿಡ್ನಿ ತುಣುಕಿನಿಂದ, ಗ್ಲೊಮೆರುಲಸ್‌ಗಳನ್ನು ಮಾತ್ರ ಬಿಡಿಸಿ ಬಲ್ಕ್ ಮಾಡಿದರೆ ಮೇಲಿನ ಮೋಸ ಅರ್ಧ ಕಡಿಮೆಯಾಗುತ್ತದೆ. ಮಿಶಿಗನ್ ವಿಶ್ವವಿದ್ಯಾಲಯದ ನೆಫ್ರೊಸೀಕ್ ಸಂಗ್ರಹದಲ್ಲಿ ಗ್ಲೊಮೆರುಲಸ್ ಬೇರೆ, ಟ್ಯೂಬುಲ್ ಭಾಗ ಬೇರೆ ಇಟ್ಟ ದತ್ತಾಂಶ ಸಿಗುವುದು ಇದೇ ಕಾರಣಕ್ಕೆ.

ಸಿಂಗಲ್ ಸೆಲ್ಲೋ, ಸಿಂಗಲ್ ನ್ಯೂಕ್ಲಿಯಸ್ಸೋ

ನಿಜವಾದ ಗೊಂದಲ ಇರುವುದು ಇಲ್ಲಿ. ಎರಡರಲ್ಲೂ ಕೊನೆಯ ಕೆಲಸ ಒಂದೇ: ಒಂದೊಂದು ಕೋಶವನ್ನು, ಅಥವಾ ಒಂದೊಂದು ಕೋಶಕೇಂದ್ರವನ್ನು, ಎಣ್ಣೆಯೊಳಗಿನ ಒಂದೊಂದು ಹನಿಗೆ ಇಳಿಸಿ, ಅದರ ಆರ್‌ಎನ್‌ಎಗೆ ಬಾರ್‌ಕೋಡ್ ಅಂಟಿಸಿ, ಎಲ್ಲವನ್ನೂ ಸೇರಿಸಿ ಓದಿ, ಆಮೇಲೆ ಬಾರ್‌ಕೋಡ್ ನೋಡಿ ಬೇರೆ ಮಾಡುವುದು. ವ್ಯತ್ಯಾಸ ಇರುವುದು ಶುರುವಿನಲ್ಲಿ.

ಇಡೀ ಕೋಶ ಬೇಕಾದರೆ ಅಂಗಾಂಶವನ್ನು ಎಂಜೈಮ್‌ನಲ್ಲಿ, ಸಾಮಾನ್ಯವಾಗಿ 37 ಡಿಗ್ರಿಯಲ್ಲಿ, ಬಿಡಿಸಬೇಕು. ಕಿಡ್ನಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಪೋಡೋಸೈಟ್ ತನ್ನ ಕಾಲುಗಳಿಂದ ಜರಡಿಯನ್ನು ತಬ್ಬಿಕೊಂಡಿರುತ್ತದೆ, ಬರುವುದೇ ಅಪರೂಪ. ಬಂದ ಕೋಶಗಳೂ ಆ ಬಿಸಿಗೆ, ಆ ಎಂಜೈಮ್‌ಗೆ ಗಾಬರಿಯಾಗಿ ಫಾಸ್, ಜನ್ ಥರದ ಒತ್ತಡದ ಜೀನ್‌ಗಳನ್ನು ಎಬ್ಬಿಸಿಬಿಡುತ್ತವೆ. ಕಾಯಿಲೆಯ ಒತ್ತಡ ಯಾವುದು, ನಾವು ಕೊಟ್ಟ ಒತ್ತಡ ಯಾವುದು ಅಂತ ಆಮೇಲೆ ಬೇರೆ ಮಾಡುವುದು ಬಹಳ ಕಷ್ಟ. ತಣ್ಣಗಿದ್ದಾಗಲೂ ಕೆಲಸ ಮಾಡುವ ಎಂಜೈಮ್ (ಪ್ರೋಟಿಯೇಸ್) ಬಳಸಿದರೆ ಇದು ಕಡಿಮೆಯಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಅಡ್ಡಿ ಸಮಯ. ಅಂಗಾಂಶ ತಾಜಾ ಇರಬೇಕು. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ತುಮಕೂರು ದಾಟುವಷ್ಟರಲ್ಲೇ ನಿಮ್ಮ ಕೋಶಗಳು ಸಾಯಲು ಶುರುವಾಗಿರುತ್ತವೆ.

ಕೋಶಕೇಂದ್ರ ಸಾಕು ಅಂದರೆ ಈ ಅವಸರ ಇಲ್ಲ. ಬಯಾಪ್ಸಿ ತುಣುಕನ್ನು ತಕ್ಷಣ ಲಿಕ್ವಿಡ್ ನೈಟ್ರೋಜನ್‌ನಲ್ಲಿ ಗಟ್ಟಿ ಮಾಡಿ, ಮೈನಸ್ 80 ಡಿಗ್ರಿಯಲ್ಲಿ ಇಟ್ಟು, ಹತ್ತು ಜನರದ್ದು ಸೇರಿದ ಮೇಲೆ ಡ್ರೈ ಐಸ್‌ನಲ್ಲಿ ಒಟ್ಟಿಗೆ ಕಳಿಸಬಹುದು. ಕೊರೆಯುವ ಚಳಿಯಲ್ಲೇ ಅರೆಯುವುದರಿಂದ ಒತ್ತಡದ ಜೀನ್‌ಗಳ ಗದ್ದಲ ಇಲ್ಲ. ಪೋಡೋಸೈಟ್‌ನ ಕೇಂದ್ರಗಳೂ ಸಿಗುತ್ತವೆ. ಅಮೆರಿಕದ ಸೇಂಟ್ ಲೂಯಿಸ್‌ನ ಹಂಫ್ರೀಸ್ ಅವರ ತಂಡ 2019ರಲ್ಲಿ ಎರಡನ್ನೂ ಇಲಿಯ ಕಿಡ್ನಿಯಲ್ಲಿ ಪಕ್ಕಪಕ್ಕ ಇಟ್ಟು ನೋಡಿ ಹೇಳಿದ್ದು ಇದನ್ನೇ. ಕೊರತೆಯೂ ಇದೆ. ಕೇಂದ್ರದಲ್ಲಿ ಇರುವ ಆರ್‌ಎನ್‌ಎ ಕಡಿಮೆ, ಅದೂ ಅರ್ಧಂಬರ್ಧ ತಯಾರಾದದ್ದು. ಆದ್ದರಿಂದ ಎಣಿಸುವಾಗ ಇಂಟ್ರಾನ್ (ಆರ್‌ಎನ್‌ಎ ಪೂರ್ತಿ ತಯಾರಾಗುವಾಗ ಕತ್ತರಿಸಿ ಹೋಗುವ ಭಾಗ) ರೀಡ್‌ಗಳನ್ನೂ ಸೇರಿಸಿಕೊಳ್ಳಬೇಕು. ರೋಗನಿರೋಧಕ ಕೋಶಗಳು ಇದರಲ್ಲಿ ಸರಿಯಾಗಿ ಸಿಗುವುದಿಲ್ಲ. ನಿಮ್ಮ ಪ್ರಶ್ನೆ ಲೂಪಸ್ (ರೋಗನಿರೋಧಕ ಕೋಶಗಳೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ) ಬಗ್ಗೆ ಇದ್ದರೆ, ಮ್ಯಾಕ್ರೊಫೇಜ್, ಟಿ ಸೆಲ್ ಥರದ ರೋಗನಿರೋಧಕ ಕೋಶಗಳ ಬಗ್ಗೆ ಇದ್ದರೆ, ಕಷ್ಟಪಟ್ಟಾದರೂ ಇಡೀ ಕೋಶದ ದಾರಿಯೇ ಸರಿ. ಸಕ್ಕರೆ ಕಾಯಿಲೆ, ಬಿಪಿ, ಟ್ಯೂಬುಲ್ ಗಾಯ, ಪೋಡೋಸೈಟ್ ಪ್ರಶ್ನೆ ಇದ್ದರೆ ಕೋಶಕೇಂದ್ರ. ನಮ್ಮ ಊರಿನಲ್ಲಿ ಕೂತವರಿಗಂತೂ ನಾನು ಬಹುಪಾಲು ಇದನ್ನೇ ಹೇಳುತ್ತೇನೆ.

ಕೈ ಪಳಗಿಸಿಕೊಳ್ಳಲು ಮನುಷ್ಯರ ಬಯಾಪ್ಸಿ ಮುಟ್ಟಬೇಡಿ. ನಾವು ಮಾಡುವುದು ಹೀಗೆ: ಬೆಳಿಗ್ಗೆ ಏಳಕ್ಕೇ ಮಟನ್ ಅಂಗಡಿಗೆ ಹೋಗಿ, ಆಗ ತಾನೇ ತೆಗೆದ ಕುರಿಯ ಕಿಡ್ನಿ ಒಂದನ್ನು ಐಸ್ ಡಬ್ಬಿಯಲ್ಲಿ ತರುತ್ತೇವೆ. ಉದ್ದಕ್ಕೆ ಸೀಳಿದರೆ ಹೊರಗಿನ ಕಂದು ಕೆಂಪು ಕಾರ್ಟೆಕ್ಸ್, ಒಳಗಿನ ಮೆಡುಲ್ಲಾ ಎರಡೂ ಬರಿಗಣ್ಣಿಗೇ ಬೇರೆ ಬೇರೆ ಕಾಣುತ್ತವೆ. ಕಾರ್ಟೆಕ್ಸ್‌ನಿಂದ ಅಕ್ಕಿಕಾಳಿನಷ್ಟು ತುಣುಕು ಸಾಕು. ಡೌನ್ಸ್ ಎಂಬ ಗಾಜಿನ ಅರೆಯುವ ಕೊಳವೆಯಲ್ಲಿ, ಐಸ್ ಮೇಲೆ ಇಟ್ಟುಕೊಂಡು, ಮೆಲ್ಲಗೆ ಹತ್ತು ಹದಿನೈದು ಸಲ ಮೇಲೆ ಕೆಳಗೆ. ಆಮೇಲೆ 40 ಮೈಕ್ರಾನ್ ಜಾಲರಿಯಲ್ಲಿ ಸೋಸಿ, ಡ್ಯಾಪಿ ಬಣ್ಣ ಹಾಕಿ ಮೈಕ್ರೋಸ್ಕೋಪ್ ಕೆಳಗೆ ಇಟ್ಟರೆ ಕಪ್ಪು ಆಕಾಶದಲ್ಲಿ ನೀಲಿ ಗುಂಡುಗಳು. ಅಂಚು ಚೊಕ್ಕವಾಗಿ ದುಂಡಗಿದ್ದರೆ ಸರಿ. ಜೋರಾಗಿ ಅರೆದರೆ ಕೇಂದ್ರ ಒಡೆದು ಡಿಎನ್‌ಎ ಹೊರಗೆ ಬರುತ್ತದೆ, ಪಿಪೆಟ್ ಎತ್ತಿದಾಗ ಲೋಳೆಯ ಎಳೆ ಹಿಂದೆಯೇ ಎಳೆದುಕೊಂಡು ಬರುತ್ತದೆ. ಆ ಎಳೆ ಕಂಡರೆ ಚೆಲ್ಲಿ, ಮತ್ತೆ ಶುರು ಮಾಡಿ. ಹತ್ತು ಸಲ ಕುರಿಯ ಕಿಡ್ನಿಯಲ್ಲಿ ಸರಿ ಬಂದ ಮೇಲೇ ಒಬ್ಬ ರೋಗಿ ನೋವುಂಡು ಕೊಟ್ಟ ತುಣುಕಿಗೆ ಕೈ ಹಾಕಿ.

ಇನ್ನೊಂದು ಎಚ್ಚರಿಕೆ. ಇಡೀ ಕೋಶದ ದತ್ತಾಂಶದಲ್ಲಿ ಮೈಟೊಕಾಂಡ್ರಿಯಾ (ಕೋಶಕ್ಕೆ ಶಕ್ತಿ ಕೊಡುವ ಭಾಗ) ರೀಡ್ ಶೇ 5ಕ್ಕಿಂತ ಜಾಸ್ತಿ ಇದ್ದರೆ ಸತ್ತ ಕೋಶ ಅಂತ ತೆಗೆದುಹಾಕಿ ಎಂದು ಪಾಠದ ವೀಡಿಯೊಗಳಲ್ಲಿ ಹೇಳುತ್ತಾರೆ. ಆ ಅಳತೆ ರಕ್ತಕೋಶಕ್ಕೆ ಸರಿ. ಪ್ರಾಕ್ಸಿಮಲ್ ಟ್ಯೂಬುಲ್ ಕೋಶದ ಹೊಟ್ಟೆ ತುಂಬಾ ಮೈಟೊಕಾಂಡ್ರಿಯಾ ಇರುತ್ತವೆ, ಅದು ಅದರ ಕೆಲಸದ ಬಲ. ಅದೇ ಅಳತೆ ಹಾಕಿದರೆ ಬದುಕಿರುವ ಒಳ್ಳೆಯ ಕೋಶಗಳನ್ನೇ ನೀವು ಎಸೆಯುತ್ತೀರಿ.

ಸ್ಪೇಷಿಯಲ್

ಜಾಗ ಗೊತ್ತಾಗುವುದು ಕಿಡ್ನಿಯಲ್ಲಿ ತುಂಬಾ ಬೆಲೆಯ ಮಾತು. ಗಾಯವಾದ ಟ್ಯೂಬುಲ್ ಪಕ್ಕದಲ್ಲೇ ನಾರು ಕಟ್ಟುತ್ತಿದೆಯೇ, ರೋಗನಿರೋಧಕ ಕೋಶಗಳು ಎಲ್ಲಿ ಗುಂಪುಗೂಡಿವೆ ಅನ್ನುವುದಕ್ಕೆ ಬೇರೆ ದಾರಿ ಕಡಿಮೆ. ಆದರೆ ಅಳತೆ ನೋಡಿ ಆರಿಸಿ. ವಿಸಿಯಮ್ ಎಂಬ ಸ್ಪೇಷಿಯಲ್ ವಿಧಾನದ ಮೊದಲ ಸ್ಲೈಡ್‌ಗಳಲ್ಲಿ ಒಂದೊಂದು ಚುಕ್ಕೆ 55 ಮೈಕ್ರಾನ್ ಅಗಲ. ಮನುಷ್ಯರ ಗ್ಲೊಮೆರುಲಸ್ ಸುಮಾರು 200 ಮೈಕ್ರಾನ್, ಹಾಗಾಗಿ ಅದರ ಮೇಲೆ ಕೆಲವು ಚುಕ್ಕೆ ಬೀಳುತ್ತವೆ. ಒಂದೇ ಚುಕ್ಕೆಯೊಳಗೆ ಹಲವು ಕೋಶಗಳು ಸೇರಿರುತ್ತವೆ, ಅಂದರೆ ಅದು ಚಿಕ್ಕ ಚಿಕ್ಕ ಬಲ್ಕ್‌ಗಳ ನಕ್ಷೆ. ಇನ್ನೂ ಸಣ್ಣ ಅಳತೆಯ ಹೊಸ ಬಗೆಗಳು ಬಂದಿವೆ, ದುಡ್ಡು ಅದಕ್ಕೆ ತಕ್ಕಂತೆ. ಒಂದು ಅನುಕೂಲ ಮಾತ್ರ ದೊಡ್ಡದು. ಕೆಲವು ಬಗೆಗಳು ಪ್ಯಾಥಾಲಜಿಯಲ್ಲಿ ಇಟ್ಟಿರುವ ಪ್ಯಾರಾಫಿನ್ ಬ್ಲಾಕ್‌ಗಳ (ಮೇಣದಲ್ಲಿ ಹುದುಗಿಸಿದ ಹಳೆಯ ಬಯಾಪ್ಸಿ ತುಣುಕು) ಮೇಲೂ ನಡೆಯುತ್ತವೆ. ಎಂಎಸ್ಸಿ ಪ್ರಾಜೆಕ್ಟ್‌ಗೆ ಇದು ಬೇಡ. ಪಿಎಚ್‌ಡಿಗೆ, ಜೊತೆಗೆ ಒಳ್ಳೆಯ ಪ್ಯಾಥಾಲಜಿಸ್ಟ್ ಇದ್ದರೆ, ಯೋಚಿಸಿ.

ಕ್ಯೂಪಿಸಿಆರ್ ಮತ್ತು ನಾನು ಕಳೆದುಕೊಂಡ ಎರಡು ತಿಂಗಳು

ನಮ್ಮಲ್ಲಿ ಹೆಚ್ಚಿನ ಲ್ಯಾಬ್‌ಗಳಲ್ಲಿ ಇರುವುದು ಕ್ಯೂಪಿಸಿಆರ್, ಆರಿಸಿದ ಜೀನ್‌ನ ಪ್ರತಿಗಳನ್ನು ದುಪ್ಪಟ್ಟು ಮಾಡುತ್ತಾ ಅಳೆಯುವ ಯಂತ್ರ. ಐದಾರು ಜೀನ್ ನೋಡಬೇಕು, ಯಾವುದು ಅಂತ ಮೊದಲೇ ಗೊತ್ತಿದೆ ಅಂದರೆ ಇದಕ್ಕಿಂತ ನಂಬಿಕಸ್ಥ ಯಂತ್ರ ಇಲ್ಲ. ಖರ್ಚು ಸಾವಿರಗಳಲ್ಲಿ ಮುಗಿಯುತ್ತದೆ, ಸಿಂಗಲ್ ಸೆಲ್‌ನ ಹಾಗೆ ಲಕ್ಷಗಳಿಗೆ ಹೋಗುವುದಿಲ್ಲ.

ನಾನು ಓದುವಾಗ ಮಾಡಿದ ತಪ್ಪು ಹೇಳಿಬಿಡ್ತೀನಿ. ಯೂಮಾಡ್ ಎಂಬ ಜೀನ್, ಅದರ ಪ್ರೋಟೀನ್ ಯೂರೊಮೊಡ್ಯುಲಿನ್, ಆರೋಗ್ಯವಂತರ ಮೂತ್ರದಲ್ಲಿ ಅತಿ ಹೆಚ್ಚು ಸಿಗುವ ಪ್ರೋಟೀನ್. ಅದನ್ನು ಲ್ಯಾಬ್‌ನಲ್ಲಿ ಬೆಳೆಸುವ ಎಚ್‌ಕೆ-2 ಎಂಬ ಕಿಡ್ನಿ ಕೋಶಗಳಲ್ಲಿ ಅಳೆಯಲು ಹೊರಟೆ. ಸಿಟಿ ಬೆಲೆ (ಸಿಗ್ನಲ್ ಕಾಣಲು ಬೇಕಾದ ಸುತ್ತುಗಳ ಸಂಖ್ಯೆ, ಜಾಸ್ತಿಯಾದಷ್ಟೂ ಆರ್‌ಎನ್‌ಎ ಕಡಿಮೆ) 36, 37, ಕೆಲವು ಸಲ ಏನೂ ಇಲ್ಲ. ಪ್ರೈಮರ್ (ಆ ಜೀನನ್ನೇ ಹಿಡಿಯುವ ಡಿಎನ್‌ಎ ತುಣುಕು) ಸರಿಯಿಲ್ಲ ಅಂದುಕೊಂಡು ಎರಡು ಸಲ ಹೊಸದು ತರಿಸಿದೆ. ಆರ್‌ಎನ್‌ಎ ಮತ್ತೆ ಮತ್ತೆ ತೆಗೆದೆ. ಕೊನೆಗೆ ಒಬ್ಬ ಸೀನಿಯರ್ ಅಕ್ಕ ಕೇಳಿದರು, "ಈ ಜೀನ್ ಯಾವ ಸೆಲ್‌ನಲ್ಲಿ ಕೆಲಸ ಮಾಡ್ತದೆ ಅಂತ ನೋಡಿದ್ಯೇನೇ?" ನೋಡಿರಲಿಲ್ಲ. ಯೂರೊಮೊಡ್ಯುಲಿನ್ ಮಾಡುವುದು ಟ್ಯೂಬುಲ್‌ನ ನಡುವಿನ ಹೆನ್ಲಿ ಲೂಪ್‌ನ ಮೇಲೇರುವ ದಪ್ಪ ಭಾಗ. ಎಚ್‌ಕೆ-2 ಬಂದಿರುವುದು ಪ್ರಾಕ್ಸಿಮಲ್ ಟ್ಯೂಬುಲ್‌ನಿಂದ. ಇಲ್ಲದ ಮನೆಯ ಬಾಗಿಲು ಎರಡು ತಿಂಗಳು ತಟ್ಟಿದ್ದೆ.

ಲ್ಯಾಬ್‌ಗಳಲ್ಲಿ ಬೆಳೆಸುವ ಇನ್ನೊಂದು ಬಗೆ, ಎಚ್‌ಇಕೆ-293 ಬಗ್ಗೆಯೂ ಹುಷಾರು. ಹೆಸರಲ್ಲಿ ಕಿಡ್ನಿ ಇದೆ, ಸುಲಭವಾಗಿ ಬೆಳೆಯುತ್ತದೆ, ಆದರೆ ಅದು ಬೆಳೆದ ಕಿಡ್ನಿಯ ಯಾವ ಕೋಶದ ಥರವೂ ನಡೆದುಕೊಳ್ಳುವುದಿಲ್ಲ. ಕಿಡ್ನಿ ಕಾಯಿಲೆಯ ಪ್ರಶ್ನೆಗೆ ಅದರ ಉತ್ತರವನ್ನು ನಂಬಬೇಡಿ. ಡಿಶ್‌ನಲ್ಲಿ ಪೋಡೋಸೈಟ್ ಬೇಕಾದರೆ 33 ಡಿಗ್ರಿಯಲ್ಲಿ ಬೆಳೆದು 37 ಡಿಗ್ರಿಗೆ ಹಾಕಿದಾಗ ಬಲಿಯುವ ಬಗೆಯದ್ದು ಇದೆ, ಅದನ್ನು ತರಿಸಿಕೊಳ್ಳಿ.

ಎಲ್ಲಕ್ಕಿಂತ ಮೊದಲು: ಬೇರೆಯವರು ಬಿಟ್ಟುಕೊಟ್ಟದ್ದನ್ನು ನೋಡಿ

ಇದನ್ನು ಜನ ಕೊನೆಯ ದಾರಿ ಅಂತ ನೋಡುತ್ತಾರೆ. ನನ್ನ ಪ್ರಕಾರ ಇದೇ ಮೊದಲನೆಯದು. ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಡಿಡಿಕೆ 2017ರಲ್ಲಿ ಶುರು ಮಾಡಿದ ಕಿಡ್ನಿ ಪ್ರಿಸಿಷನ್ ಮೆಡಿಸಿನ್ ಪ್ರಾಜೆಕ್ಟ್‌ನಲ್ಲಿ ಕಾಯಿಲೆ ಇರುವವರೇ ಮುಂದೆ ಬಂದು ಸಂಶೋಧನೆಗಾಗಿ ಬಯಾಪ್ಸಿ ಕೊಟ್ಟಿದ್ದಾರೆ. ತಮಗೆ ನೇರ ಲಾಭ ಇಲ್ಲದಿದ್ದರೂ ಸೂಜಿ ಚುಚ್ಚಿಸಿಕೊಂಡವರು. ಅದರಿಂದ ಸಂಸ್ಕರಿಸಿದ ದತ್ತಾಂಶ ಎಲ್ಲರಿಗೂ ತೆರೆದಿದೆ. ಜೀನ್ ಹೆಸರು ಹೊಡೆದರೆ ಯಾವ ಕೋಶದಲ್ಲಿ ಎಷ್ಟು ಅಂತ ಬಣ್ಣದಲ್ಲಿ ಕಾಣುತ್ತದೆ, ಫೋನಿನಲ್ಲೇ ನೋಡಬಹುದು. ನಾನು ಓದುವಾಗ ಇದು ಇದ್ದಿದ್ದರೆ ಯೂಮಾಡ್‌ಗೆ ಎರಡು ನಿಮಿಷ ಸಾಕಿತ್ತು. ಹಂಫ್ರೀಸ್ ತಂಡದ ಕಿಟ್ ಎಂಬ ತಾಣವೂ ಹೀಗೇ ಇದೆ. ಕಚ್ಚಾ ದತ್ತಾಂಶ ಬೇಕಾದರೆ ಸಂಶೋಧಕರು ತಮ್ಮ ಜೀನ್ ದತ್ತಾಂಶ ಇಡುವ ಜಿಯೊ (GEO) ಸಂಗ್ರಹ.

ಇಂಥ ನೋಟದಿಂದ ಏನು ಸಿಗುತ್ತದೆ ಅನ್ನುವುದಕ್ಕೆ ಎರಡು ಕೆಲಸ ಸಾಕು. 2018ರಲ್ಲಿ ಪೆನ್ಸಿಲ್ವೇನಿಯಾದ ಸುಸ್ತಾಕ್ ಅವರ ತಂಡ ಇಲಿಯ ಕಿಡ್ನಿಯ ಸುಮಾರು 58 ಸಾವಿರ ಕೋಶ ಓದಿ, ಒಂದೇ ಜೀನ್‌ನಿಂದ ಬರುವ ಎಷ್ಟೋ ಕಿಡ್ನಿ ಕಾಯಿಲೆಗಳ ಜೀನ್‌ಗಳು ಒಂದೊಂದು ಬಗೆಯ ಕೋಶದಲ್ಲೇ ಕೆಲಸ ಮಾಡುತ್ತವೆ ಎಂದು ತೋರಿಸಿತು. 2020ರಲ್ಲಿ ಹಂಫ್ರೀಸ್ ತಂಡ, ರಕ್ತ ನಿಂತು ಗಾಯವಾದ ಇಲಿಯ ಕಿಡ್ನಿಯಲ್ಲಿ ಕೆಲವು ಪ್ರಾಕ್ಸಿಮಲ್ ಟ್ಯೂಬುಲ್ ಕೋಶಗಳು ವಾಸಿಯಾಗದೆ ಅರ್ಧಕ್ಕೇ ನಿಂತು, ವಿಕ್ಯಾಮ್1 ಜೀನ್ ಎಬ್ಬಿಸಿಕೊಂಡು, ಉರಿಯೂತ ಹಬ್ಬಿಸುವ ಸ್ಥಿತಿಯಲ್ಲಿ ಉಳಿಯುವುದನ್ನು ಕಂಡಿತು. ಬಲ್ಕ್‌ನಲ್ಲಿ ಆ ಕೋಶಗಳು ಸರಾಸರಿಯಲ್ಲಿ ಕರಗಿಹೋಗುತ್ತಿದ್ದವು.

ಎಣಿಕೆಯ ತಪ್ಪು ಒಂದಿದೆ, ಇದಕ್ಕೆ ಪ್ರೊಫೆಸರುಗಳೂ ಬೀಳುತ್ತಾರೆ. ಮೂರು ರೋಗಿ, ಮೂರು ಆರೋಗ್ಯವಂತರು, ಒಬ್ಬೊಬ್ಬರಿಂದ 5 ಸಾವಿರ ಕೋಶ. ಒಟ್ಟು 30 ಸಾವಿರ ಸ್ಯಾಂಪಲ್ ಅಂತ ಲೆಕ್ಕ ಹಾಕಿದರೆ ಎಲ್ಲಾ ಜೀನೂ ಬದಲಾದಂತೆ ಕಾಣುತ್ತದೆ. ನಿಮ್ಮ ಹತ್ತಿರ ಇರುವುದು ಮೂರು ಮತ್ತು ಮೂರು ಜನ ಮಾತ್ರ. ಒಂದು ಬಗೆಯ ಕೋಶಗಳನ್ನು ಜನದ ಪ್ರಕಾರ ಕೂಡಿಸಿ, ಸ್ಯೂಡೊಬಲ್ಕ್ ಮಾಡಿ, ಡಿಇಸೀಕ್2 ಥರದ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಹಾಕಿ.

ಹಾಗಾದರೆ ಯಾರಿಗೆ ಯಾವುದು? ಆರು ತಿಂಗಳ ಪ್ರಾಜೆಕ್ಟ್, ಜಾಸ್ತಿ ದುಡ್ಡಿಲ್ಲ ಅಂದರೆ ತೆರೆದ ದತ್ತಾಂಶದಲ್ಲಿ ಜೀನ್ ಮತ್ತು ಕೋಶ ಗುರುತಿಸಿ, ಒಂದೆರಡನ್ನು ಕ್ಯೂಪಿಸಿಆರ್‌ನಲ್ಲೋ, ಸೆಕ್ಷನ್ ಮೇಲೆ ಬಣ್ಣ ಹಾಕಿಯೋ ಖಚಿತ ಮಾಡಿ. ಬಣ್ಣದಲ್ಲಿ ಪ್ರೋಟೀನೇ ಕಾಣುತ್ತದೆ, ಆರ್‌ಎನ್‌ಎ ಜಾಸ್ತಿಯಾದರೆ ಪ್ರೋಟೀನೂ ಜಾಸ್ತಿ ಅಂತ ಹೇಳಲಾಗದು, ಆದ್ದರಿಂದ ಈ ಹೆಜ್ಜೆ ದೊಡ್ಡ ದುಡ್ಡಿನವರಿಗೂ ಬೇಕು. ಎಂಡಿ ಮಾಡುತ್ತಿರುವವರಿಗೆ ರೋಗಿಗಳ ಸಂಪರ್ಕ ಇದೆ, ಅದೇ ನಿಮ್ಮ ಆಸ್ತಿ. ಇವತ್ತಿನಿಂದಲೇ ಒಪ್ಪಿಗೆ ಪಡೆದು, ರೋಗನಿರ್ಣಯಕ್ಕೆ ಬೇಕಾದದ್ದು ಹೋದ ಮೇಲೆ ಉಳಿದ ತುಣುಕನ್ನು ಸರಿಯಾಗಿ ಗಟ್ಟಿ ಮಾಡಿ ಇಡಲು ಶುರು ಮಾಡಿ, ಸೀಕ್ವೆನ್ಸಿಂಗ್ ಆಮೇಲೆ ನೋಡೋಣ. ಪಿಎಚ್‌ಡಿ, ಗ್ರಾಂಟ್ ಎರಡೂ ಇದ್ದರೆ ಕೋಶಕೇಂದ್ರ, ಆಮೇಲೆ ಸ್ಪೇಷಿಯಲ್.

ಚಳ್ಳಕೆರೆ ಹುಡುಗಿ ವಿಕ್ಯಾಮ್1 ಆರಿಸಿಕೊಂಡಳು. ಮೊದಲ ಎರಡು ವಾರ ಬರೀ ಅಟ್ಲಾಸ್ ನೋಡಿದಳು. ಈಗ ಹಳೆಯ ಬಯಾಪ್ಸಿ ಬ್ಲಾಕ್‌ಗಳ ಮೇಲೆ ಬಣ್ಣ ಹಾಕುವ ಯೋಜನೆ ಬರೆದು, ಮುಂದೆ ಹೊಸ ತುಣುಕು ಇಡಲೂ ಸೇರಿಸಿ ಎಥಿಕ್ಸ್ ಕಮಿಟಿಗೆ ಕೊಟ್ಟಿದ್ದಾಳೆ. ರೋಗಿಗಳ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಅವಳೇ ಬರೆದಳು. ಊರಿಗೆ ಹೋಗಿ ಅಜ್ಜಿಯ ಮುಂದೆ ಓದಿದಳಂತೆ. "ಜೀನ್ ಅಭಿವ್ಯಕ್ತಿ" ಅನ್ನುವಲ್ಲಿ ಅಜ್ಜಿ ತಡೆದು, ಹಂಗಂದ್ರೇನು ಅಂತ ಕೇಳಿದರಂತೆ. ಅದನ್ನು ಹೊಡೆದುಹಾಕಿ "ನಿಮ್ಮ ಕಿಡ್ನಿಯ ಕೋಶಗಳು ಒಳಗೆ ಏನು ಕೆಲಸ ಮಾಡುತ್ತಿವೆ" ಅಂತ ತಿದ್ದಿ, ಸೋಮವಾರ ನನ್ನ ಸಹಿಗೆ ತಂದಳು.